ಅಲರ್ಜಿ ಇಟ್ಟುಕೊಂಡು ಹಿತ್ತಲಲ್ಲಿ ಕೋಳಿ ಸಾಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಹಿತ್ತಲಲ್ಲಿ ಐದು ಹೇಂಟೆ ಇವೆ, ಗೂಡು ಗುಡಿಸಿದ ದಿನವೆಲ್ಲ ಸೀನು, ಕಣ್ಣು ತುರಿಕೆ, ಕೈ ಮೇಲೆ ಕೆಂಪು ಗಂದೆ. ಮನೆಯವರದ್ದು ‘ಕೋಳಿ ಯಾರಿಗಾದರೂ ಕೊಟ್ಟುಬಿಡು’ ಅಂತ ಒಂದೇ ಹಠ. ಮಾತ್ರೆ ನುಂಗಿಕೊಂಡು ಹೀಗೇ ಮುಂದುವರಿಸಬಹುದಾ, ಮೊಟ್ಟೆಯನ್ನೂ ಬಿಡಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ನನಗೆ ಧೂಳಿನ ಅಲರ್ಜಿ ಇದೆ, ಸ್ವಲ್ಪ ಉಬ್ಬಸ ಇದೆ, ಕೋಳಿಗಳೂ ಇವೆ. ಮೂರನ್ನೂ ಒಟ್ಟಿಗೆ ಸಂಭಾಳಿಸಿ ಅಭ್ಯಾಸ ಆಗಿದೆ.

ಕೊಟ್ಟುಬಿಡುವ ಮಾತು ಆಮೇಲೆ. ಮೊದಲು ನೀವು ಸೀನುತ್ತಿರುವುದು ಯಾವುದಕ್ಕೆ ಅಂತ ಗೊತ್ತಾಗಬೇಕು, ಯಾಕಂದ್ರೆ ಗೂಡಿನ ಧೂಳು ಅನ್ನುವುದು ಒಂದೇ ವಸ್ತು ಅಲ್ಲ. ಅದರಲ್ಲಿ ಕೋಳಿಯ ಚರ್ಮದ ಹೊಟ್ಟು ಮತ್ತು ಪುಕ್ಕದ ಪುಡಿ ಇರುತ್ತದೆ, ಒಣಗಿ ಪುಡಿಯಾದ ಹಿಕ್ಕೆ ಇರುತ್ತದೆ, ನೆಲಕ್ಕೆ ಹಾಸಿದ ಹುಲ್ಲಿನದೋ ಹೊಟ್ಟಿನದೋ ಧೂಳು, ತೇವದಲ್ಲಿ ಬೆಳೆದ ಬೂಷ್ಟು, ಆಹಾರದ ಹಿಟ್ಟು, ಕಣ್ಣಿಗೆ ಕಾಣದ ಹುಳಗಳು, ಎಲ್ಲ ಸೇರಿರುತ್ತವೆ. ಅದರ ಮೇಲೆ ಹಿಕ್ಕೆಯಿಂದ ಏಳುವ ಅಮೋನಿಯಾ ಬೇರೆ. ಅಮೋನಿಯಾಕ್ಕೆ ಮೂಗು ಉರಿಯುವುದು ಅಲರ್ಜಿಯೇ ಅಲ್ಲ, ಅದು ಯಾರಿಗಾದರೂ ಉರಿಯುತ್ತದೆ.

ಒಂದೆರಡು ವಾರ ಸುಮ್ನೆ ಗಮನಿಸಿ. ಕೋಳಿಯನ್ನು ಹೊರಗೆ ಗಾಳಿಯಲ್ಲಿ ಎತ್ತಿಕೊಂಡಾಗಲೂ ಸೀನು ಬರುತ್ತದಾ, ಅಥವಾ ಪೊರಕೆ ಹಿಡಿದಾಗ ಮಾತ್ರವಾ? ಫೀಡ್ ಚೀಲ ಬಿಚ್ಚಿ ಡಬ್ಬಕ್ಕೆ ಸುರಿಯುವಾಗ ಬರುತ್ತದಾ? ಆ ವಾರ ಗುಡಿಸುವ ಕೆಲಸ ಬೇರೆಯವರು ಮಾಡಿ, ನೀವು ನೀರು ಇಟ್ಟು ಮೊಟ್ಟೆ ಎತ್ತಿಕೊಂಡು ಬಂದರೆ ಹೇಗಿರುತ್ತದೆ? ಎತ್ತಿಕೊಂಡಾಗ ಏನೂ ಆಗದೆ ಗುಡಿಸಿದಾಗ ಮಾತ್ರ ಆಗುತ್ತಿದ್ದರೆ ನಿಮ್ಮ ಜಗಳ ಕೋಳಿಯ ಜೊತೆ ಅಲ್ಲ, ಗೂಡಿನ ಜೊತೆ. ಗೂಡನ್ನು ಬದಲಾಯಿಸಬಹುದು.

ಇದರ ಜೊತೆಗೆ ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳಿ. ಮುಂಗೈ ಮೇಲೆ ಬೇರೆ ಬೇರೆ ವಸ್ತುಗಳ ಒಂದೊಂದು ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ, 15-20 ನಿಮಿಷದಲ್ಲಿ ಎಲ್ಲಿ ಗಂದೆ ಎದ್ದಿತು ಅಂತ ನೋಡುತ್ತಾರೆ. ನೀವು ತೆಗೆದುಕೊಳ್ಳುತ್ತಿರುವಂಥ ಅಲರ್ಜಿ ಮಾತ್ರೆಗಳನ್ನು ಈ ಪರೀಕ್ಷೆಗೆ ಕೆಲವು ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಏನೂ ಇಲ್ಲ ಅಂತ ಸುಳ್ಳು ಫಲಿತಾಂಶ ಬರಬಹುದು. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ರಕ್ತದ ಐಜಿಇ (ಅಲರ್ಜಿ ಇದ್ದಾಗ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆಗೆ ನಿಲ್ಲಿಸಬೇಕಾಗಿಲ್ಲ. ನನ್ನ ಪರೀಕ್ಷೆಯಲ್ಲಿ ಜೋರಾಗಿ ಎದ್ದಿದ್ದು ಧೂಳಿನ ಹುಳ ಮತ್ತು ಬೂಷ್ಟು, ಪುಕ್ಕ ಏನೂ ಮಾಡಲಿಲ್ಲ. ಪುಕ್ಕದ ಅಲರ್ಜಿ ಅಂತ ಹೇಳಿಕೊಳ್ಳುವ ಎಷ್ಟೋ ಜನರಲ್ಲಿ ನಿಜವಾದ ಕಾರಣ ಪುಕ್ಕದಲ್ಲಿ ಸೇರಿಕೊಂಡ ಈ ಹುಳಗಳೇ.

ಇನ್ನು ಕೈ ಮೇಲಿನ ಗಂದೆ. ಇದರ ಬಗ್ಗೆ ನನಗೆ ಬೇರೆ ಅನುಮಾನ ಇದೆ. ರೆಡ್ ಮೈಟ್ ಅಂತ ಒಂದು ಪುಟ್ಟ ಹುಳ ಇದೆ. ಹಗಲು ಕೋಳಿ ಕೂರುವ ಕೋಲಿನ ಸಂದಿಯಲ್ಲಿ, ಹಲಗೆಯ ಬಿರುಕಿನಲ್ಲಿ ಅಡಗಿರುತ್ತದೆ, ರಾತ್ರಿ ಹೊರಬಂದು ಕೋಳಿಯ ರಕ್ತ ಹೀರುತ್ತದೆ. ಮನುಷ್ಯರನ್ನೂ ಕಚ್ಚುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಕೋಲಿನ ಅಡಿಯಲ್ಲಿ, ಅದು ಗೋಡೆಗೆ ಸೇರುವ ಜಾಗದಲ್ಲಿ ಬಿಳಿ ಟಿಶ್ಯೂ ಒರೆಸಿ ನೋಡಿ. ಕೆಂಪು ಗೀರು ಬಿದ್ದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಆಗ ನೀವು ನುಂಗಬೇಕಾದ್ದು ಮಾತ್ರೆ ಅಲ್ಲ, ಗೂಡಿಗೆ ಹುಳದ ಚಿಕಿತ್ಸೆ ಆಗಬೇಕು. ಪಶುವೈದ್ಯರನ್ನು ಕೇಳಿ ಮಾಡಿ, ಮೊಟ್ಟೆ ಇಡುವ ಕೋಳಿಗೆ ಎಲ್ಲ ಔಷಧಿಯೂ ಆಗುವುದಿಲ್ಲ. ಹುಳಕ್ಕೆ ಅಂತ ಕೆಲವರು ಡಯಾಟಮ್ ಮಣ್ಣಿನ ಬಿಳಿ ಪುಡಿ ಎರಚಲು ಹೇಳುತ್ತಾರೆ. ನಮ್ಮಂಥವರಿಗೆ ಅದು ಬೇಡವೇ ಬೇಡ. ಅದು ಸಿಲಿಕಾ ಪುಡಿ, ಶ್ವಾಸಕೋಶಕ್ಕೆ ಕಿರಿಕಿರಿ, ಕೋಳಿಗೂ ಅಷ್ಟೇ.

ಈಗ ಗೂಡಿನ ವಿಷಯ, ನನಗೆ ಜಾಸ್ತಿ ಉಪಯೋಗ ಆಗಿದ್ದು ಇಲ್ಲೇ. ಕೋಳಿಗಳು ರಾತ್ರಿ ಇಡೀ ಒಂದೇ ಕಡೆ ಕೂತು ಹಿಕ್ಕೆ ಹಾಕುತ್ತವೆ, ಅಲ್ವಾ? ಆ ಕೋಲಿನ ಕೆಳಗೆ ಒಂದು ಅಗಲ ಹಲಗೆ ಜೋಡಿಸಿ. ಬೆಳಿಗ್ಗೆ ಹಸಿಯಾಗಿ ಇರುವಾಗಲೇ ಕೆರೆದು ಬಕೆಟ್ಟಿಗೆ ಹಾಕಿ. ಹಸಿ ಹಿಕ್ಕೆಯಿಂದ ಧೂಳು ಏಳುವುದಿಲ್ಲ. ವಾರಗಟ್ಟಲೆ ಬಿಟ್ಟು ಒಣಗಿದ ಮೇಲೆ ಒಂದೇ ದಿನ ಗುಡಿಸುವುದಿದೆಯಲ್ಲ, ಅದೇ ನಮ್ಮ ಶತ್ರು. ದೊಡ್ಡ ಸ್ವಚ್ಛತೆ ಮಾಡಲೇಬೇಕಾದ ದಿನ ಕೋಳಿಗಳನ್ನು ಹೊರಗೆ ಬಿಟ್ಟು, ಧೂಳು ಕೂರಲು ಸ್ವಲ್ಪ ಹೊತ್ತು ಕೊಟ್ಟು, ಸ್ಪ್ರೇ ಬಾಟಲಿಯಲ್ಲಿ ಸಣ್ಣಗೆ ನೀರು ಸಿಂಪಡಿಸಿ, ಸಲಿಕೆಯಲ್ಲಿ ಎತ್ತಿ. ಒಣ ಪೊರಕೆಯಂತೂ ಮುಟ್ಟಲೇಬೇಡಿ. ಹಾಗಂತ ನೀರು ಸುರಿಯಬೇಡಿ, ತೇವ ಉಳಿದರೆ ಬೂಷ್ಟು ಬರುತ್ತದೆ, ಅಮೋನಿಯಾನೂ ಜಾಸ್ತಿ ಆಗುತ್ತದೆ. ಬಗ್ಗಿ ಕೋಳಿಯ ತಲೆಯ ಮಟ್ಟದಲ್ಲಿ ಮೂಸಿ ನೋಡಿ, ಅಲ್ಲಿ ಮೂಗಿಗೆ ಖಾರ ಹತ್ತಿದರೆ ಗಾಳಿ ಸಾಲದು ಅಂತ ಅರ್ಥ. ಗಾಳಿಕಿಂಡಿ ಕೋಳಿಗಳು ಕೂರುವ ಎತ್ತರಕ್ಕಿಂತ ಮೇಲೆ ಇರಲಿ. ಬಿಸಿ ಗಾಳಿ ಹೊರಗೆ ಹೋಗುತ್ತದೆ, ಕೋಳಿಗಳಿಗೆ ನೇರವಾಗಿ ಚಳಿ ಬಡಿಯುವುದಿಲ್ಲ.

ನೆಲಕ್ಕೆ ನುಣ್ಣನೆ ಗರಗಸದ ಪುಡಿ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಬಡಗಿ ಹತ್ತರಿ ಹೊಡೆದಾಗ ಬೀಳುವ ದಪ್ಪ ಸುರುಳಿ ಸಿಪ್ಪೆ ಎಷ್ಟೋ ವಾಸಿ, ಸೀಡರ್ ಮರದ್ದು ಮಾತ್ರ ಬೇಡ, ಅದರ ವಾಸನೆ ಕೋಳಿಯ ಉಸಿರಾಟಕ್ಕೆ ಒಳ್ಳೆಯದಲ್ಲ. ಹಳೆ ಒಣಹುಲ್ಲಿನಲ್ಲಿ ಬೂಷ್ಟು ಇರುತ್ತದೆ. ಫೀಡ್ ಹಿಟ್ಟಿನ ಬದಲು ಪೆಲೆಟ್ ತನ್ನಿ, ಅಥವಾ ಹಿಟ್ಟಿಗೆ ಆ ಹೊತ್ತಿಗೆ ತಿಂದು ಮುಗಿಸುವಷ್ಟು ಮಾತ್ರ ನೀರು ಕಲಸಿ ಕೊಡಿ. ಕೋಳಿ ಮಣ್ಣಲ್ಲಿ ಹೊರಳಾಡುವ ಜಾಗ ಗೂಡಿನ ಒಳಗೆ ಬೇಡ, ಹಿತ್ತಲಿನ ಮೂಲೆಯಲ್ಲಿ, ನಿಮ್ಮ ಕಿಟಕಿಯಿಂದ ದೂರ ಇರಲಿ. ಹೊರಳಾಟ ತಪ್ಪಿಸಬೇಡಿ, ಮೈ ಶುಚಿ ಇಟ್ಟುಕೊಳ್ಳಲು ಅವಕ್ಕೆ ಅದು ಬೇಕೇ ಬೇಕು. ಇನ್ನು ಮರಿಗಳನ್ನು ದೀಪದ ಬಿಸಿಗೆ ಅಂತ ಮನೆಯೊಳಗೆ ಪೆಟ್ಟಿಗೆಯಲ್ಲಿ ಇಡುವ ಆಸೆ ಇದ್ದರೆ ಮರೆತುಬಿಡಿ. ಅಷ್ಟು ಪುಟ್ಟ ಮರಿಗಳು ಅಷ್ಟೊಂದು ಧೂಳು ಎಲ್ಲಿಂದ ತರುತ್ತವೋ ದೇವರಿಗೇ ಗೊತ್ತು! ಪುಕ್ಕ ಬರಲು ಶುರುವಾದ ಮೇಲೆ ಕೋಣೆಯ ಪ್ರತಿ ವಸ್ತುವಿನ ಮೇಲೂ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಪದರ ಕೂರುತ್ತದೆ.

ವರ್ಷಕ್ಕೊಮ್ಮೆ, ಹಗಲು ಚಿಕ್ಕದಾಗುವ ಹೊತ್ತಿಗೆ ಕೋಳಿಗಳು ಪುಕ್ಕ ಉದುರಿಸುತ್ತವೆ. ಸಾಮಾನ್ಯವಾಗಿ 8-12 ವಾರ. ಆಗ ಮೊಟ್ಟೆಯೂ ಕಡಿಮೆ, ನಮಗೆ ಕಷ್ಟವೂ ಜಾಸ್ತಿ. ಆ ಸಮಯದಲ್ಲಿ ನಾನು ಗೂಡಿನ ಒಳಗಿನ ಕೆಲಸ ಪೂರ್ತಿ ಮನೆಯವರಿಗೆ ಬಿಡುತ್ತೇನೆ, ಬದಲಿಗೆ ಅವರಿಗೆ ಇಷ್ಟವಿಲ್ಲದ ಬೇರೆ ಕೆಲಸ ನನ್ನ ಪಾಲಿಗೆ. ಗೊಣಗುತ್ತಾರೆ, ಆದರೆ ಮಾಡುತ್ತಾರೆ.

ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯದ್ದಲ್ಲ, ಎನ್95 ಅಥವಾ ಎಫ್‌ಎಫ್‌ಪಿ2, ಮೂಗಿನ ಹತ್ತಿರ ಸಂದಿ ಇಲ್ಲದ ಹಾಗೆ ಒತ್ತಿಕೊಳ್ಳಬೇಕು. ಗೂಡಿಗೆ ಅಂತಲೇ ಒಂದು ಉದ್ದ ತೋಳಿನ ಅಂಗಿ, ಒಂದು ಜೊತೆ ಚಪ್ಪಲಿ, ತಲೆಗೆ ಬಟ್ಟೆ. ಅವು ಮನೆಯೊಳಗೆ ಬರಬಾರದು. ಕೂದಲಲ್ಲಿ ಕೂತ ಧೂಳು ರಾತ್ರಿ ದಿಂಬಿಗೆ ಇಳಿಯುತ್ತದೆ, ಆದ್ದರಿಂದ ದೊಡ್ಡ ಕೆಲಸದ ದಿನ ತಲೆಗೂ ಸ್ನಾನ. ಕೈಯಂತೂ ಸೋಪಿನಲ್ಲಿ ತೊಳೆಯಲೇಬೇಕು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಕಾರಣಕ್ಕೆ ಅಲರ್ಜಿ ಇಲ್ಲದವರೂ ತೊಳೆಯಬೇಕು.

ಮಾತ್ರೆ ಬಗ್ಗೆ ಹೇಳುವುದಾದರೆ, ಸೆಟಿರಿಜಿನ್ ತರದ್ದು ಸೀನು, ತುರಿಕೆಗೆ ಸಹಾಯ ಮಾಡುತ್ತದೆ, ಕೆಲವರಿಗೆ ತೂಕಡಿಕೆ ಬರುತ್ತದೆ. ಮೂಗು ಕಟ್ಟುವುದೇ ದೊಡ್ಡ ತೊಂದರೆ ಆಗಿದ್ದರೆ ಡಾಕ್ಟರ್ ಸ್ಟಿರಾಯ್ಡ್ ಮೂಗಿನ ಸ್ಪ್ರೇ ಕೊಡಬಹುದು. ಅದನ್ನು ಒಂದು ದಿನ ಹೊಡೆದು ‘ಕೆಲಸ ಮಾಡಲಿಲ್ಲ’ ಅನ್ನಬೇಡಿ, ಪೂರ್ತಿ ಪರಿಣಾಮಕ್ಕೆ ದಿನಗಳು, ಕೆಲವೊಮ್ಮೆ ಎರಡು ವಾರ ಬೇಕು, ದಿನಾ ಬಳಸಬೇಕು. ಉಪ್ಪು ನೀರಿನಲ್ಲಿ ಮೂಗು ತೊಳೆಯುವುದು ನನಗೆ ಹಿಡಿಸಿದೆ, ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಆದರೆ ಧೂಳು ಹಾಗೇ ಇಟ್ಟು ಮಾತ್ರೆ ಮಾತ್ರ ನುಂಗುತ್ತಾ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸೀನು ಮುಚ್ಚಿಹೋಗುತ್ತದೆ, ಎದೆಯ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ.

ಅದಕ್ಕೇ ಈ ಒಂದು ವಿಷಯ ಸರಿಯಾಗಿ ಓದಿ. ಗೂಡಿನ ಕೆಲಸ ಮುಗಿಸಿ 4-8 ಗಂಟೆ ಆದ ಮೇಲೆ ಜ್ವರ, ಚಳಿ, ಮೈಕೈ ನೋವು, ಒಣ ಕೆಮ್ಮು, ಏದುಸಿರು ಬರುತ್ತಿದ್ದರೆ, ಫ್ಲೂ ತರ ಅನಿಸಿ ಮರುದಿನ ಹೋಗಿಬಿಡುತ್ತಿದ್ದರೆ, ಅಥವಾ ತಿಂಗಳುಗಟ್ಟಲೆ ನಿಧಾನವಾಗಿ ಮೆಟ್ಟಿಲು ಹತ್ತಲು ದಮ್ಮು ಸಾಲದೆ ತೂಕ ಇಳಿಯುತ್ತಿದ್ದರೆ, ಅದು ಸಾಮಾನ್ಯ ಅಲರ್ಜಿ ಇರಲಿಕ್ಕಿಲ್ಲ. ಹಕ್ಕಿ ಸಾಕುವವರಿಗೆ ಬರುವ ಶ್ವಾಸಕೋಶದ ಉರಿಯೂತ ಇರಬಹುದು. ಪಾರಿವಾಳ, ಗಿಳಿ ಸಾಕುವವರಲ್ಲಿ ಹೆಚ್ಚು ಕೇಳಿಬರುತ್ತದೆ, ಕೋಳಿಯಿಂದಲೂ ಬರುತ್ತದೆ. ಅಲರ್ಜಿ ಮಾತ್ರೆ ಇದಕ್ಕೆ ನಾಟುವುದಿಲ್ಲ, ಮುಂದುವರಿಸಿದರೆ ಶ್ವಾಸಕೋಶ ಗಟ್ಟಿಯಾಗಿ ಶಾಶ್ವತವಾಗಿ ಹಾಳಾಗಬಹುದು. ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋಗಿ, ಕೋಳಿ ಸಾಕುತ್ತೇನೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಇದು ಖಚಿತವಾದರೆ ಮಾಸ್ಕು ಗೀಸ್ಕು ಅಂತ ನೋಡುವುದಿಲ್ಲ, ಕೋಳಿಗಳು ಹೋಗಬೇಕು.

ಮೊಟ್ಟೆ? ಸೀನು ಬರುತ್ತದೆ ಅಂತ ಮೊಟ್ಟೆ ಬಿಡಬೇಕಾಗಿಲ್ಲ. ಒಂದು ಅಪರೂಪದ ಸ್ಥಿತಿ ಇದೆ: ಹಕ್ಕಿಯ ಧೂಳು ಉಸಿರಾಡಿ ಅಲರ್ಜಿ ಬೆಳೆದವರಿಗೆ, ಅದೂ ದೊಡ್ಡವರಾದ ಮೇಲೆ, ಮೊಟ್ಟೆಯ ಹಳದಿ ಭಂಡಾರಕ್ಕೂ ಅಲರ್ಜಿ ಬರುತ್ತದೆ, ಯಾಕಂದ್ರೆ ಕೋಳಿಯ ರಕ್ತದ ಆಲ್ಬುಮಿನ್ ಪ್ರೋಟೀನು ಭಂಡಾರದಲ್ಲೂ ಇದೆ. ಮೊಟ್ಟೆ ತಿಂದ ಮೇಲೆ ಬಾಯಿ ತುರಿಕೆ, ತುಟಿ ಊತ, ಹೊಟ್ಟೆ ನೋವು ಆಗುತ್ತಿದ್ದರೆ, ಮುಖ್ಯವಾಗಿ ಅರೆಬೆಂದ ಮೊಟ್ಟೆಗೆ, ತಿನ್ನುವುದು ನಿಲ್ಲಿಸಿ ಪರೀಕ್ಷೆ ಮಾಡಿಸಿ. ಉಸಿರು ಕಟ್ಟಿದರೆ, ಗಂಟಲು ಊದಿದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಇದ್ಯಾವುದೂ ಇಲ್ಲದಿದ್ದರೆ ಆರಾಮಾಗಿ ತಿನ್ನಿ.

ಕೊನೆಗೆ ಕೊಡುವುದೇ ಅಂತಾದರೆ, ಖಾಲಿ ಗೂಡನ್ನು ನೀವು ಬಿಚ್ಚಬೇಡಿ, ಬೇರೆಯವರಿಂದ ಮಾಡಿಸಿ. ಕೋಳಿ ಹೋದ ಮೇಲೂ ಆ ಧೂಳು ಅಲ್ಲೇ ಇರುತ್ತದೆ, ಮರುದಿನವೇ ಸೀನು ನಿಲ್ಲಲಿಲ್ಲ ಅಂತ ಮನೆಯವರು ಮುಂದೆ ನಾಯಿಯ ಕಡೆ ನೋಡಲು ಶುರು ಮಾಡುತ್ತಾರೆ.