ವಾಲ್ಯೂಮ್ ಸೊನ್ನೆಗಿಳಿಸಿದರೂ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಗುಂಯ್‌ಗುಡುವುದೇಕೆ?

ಮಡಿಕೇರಿಯ ಮನೆಯಲ್ಲಿ ನಿಮ್ಮ ಹಳೆಯ ವಾಲ್ವ್ (ದನಿಯ ಸಂಕೇತವನ್ನು ಹಿಗ್ಗಿಸುವ ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್, ಗಿಟಾರಿನ ಕೇಬಲ್ ಕಿತ್ತು ವಾಲ್ಯೂಮ್ ಸೊನ್ನೆಗೆ ತಂದರೂ ಗುಂಯ್‌ಗುಡುತ್ತಿದೆ ಎಂದಿದ್ದೀರಿ. ಹಾಗಿದ್ದರೆ ದೋಷವಿರುವುದು ಬಹುಮಟ್ಟಿಗೆ ಪವರ್ ಸಪ್ಲೈ ಭಾಗದ ಫಿಲ್ಟರ್ ಕೆಪಾಸಿಟರುಗಳಲ್ಲಿ.

ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವ ಎ.ಸಿ. (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು) ಆಗಿರುತ್ತದೆ. ರೆಕ್ಟಿಫೈಯರ್ ಎಂಬ ಭಾಗ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಸೆಕೆಂಡಿಗೆ 100 ಏರಿಳಿತಗಳು ಉಳಿಯುತ್ತವೆ. ಬಿಟ್ಟುಬಿಟ್ಟು ಬರುವ ನಲ್ಲಿ ನೀರನ್ನು ತೊಟ್ಟಿಯು ಹಿಡಿದಿಟ್ಟು ಸಮನಾಗಿ ಹರಿಸುವಂತೆ, ಕೆಪಾಸಿಟರ್ ಈ ಏರಿಳಿತಗಳನ್ನು ಸಮಗೊಳಿಸಬೇಕು. ವರ್ಷಗಳುರುಳಿದಂತೆ ಅದರೊಳಗಿನ ವಿದ್ಯುದ್ವಾಹಕ ದ್ರವ ಒಣಗುವುದರಿಂದ ಆ ಸಾಮರ್ಥ್ಯ ಕುಂದಿ, ಏರಿಳಿತವೇ ಸ್ಪೀಕರಿನಲ್ಲಿ ದನಿಯಾಗಿ ಕೇಳುತ್ತದೆ. ಕೆಪಾಸಿಟರಿನ ತುದಿ ಉಬ್ಬಿದ್ದರೆ ಅಥವಾ ಬುಡದಲ್ಲಿ ದ್ರವ ಒಸರಿದ ಕಂದು ಕಲೆಯಿದ್ದರೆ ಅದನ್ನು ಬದಲಿಸಲೇಬೇಕು.

ವಾಲ್ಯೂಮ್ ಏರಿಸಿದಾಗ ಮಾತ್ರ ಸದ್ದು ಹೆಚ್ಚುವುದಾದರೆ ಮೊದಲ ವಾಲ್ವನ್ನು, ಕೇಬಲ್ಲನ್ನು, ಅರ್ಥಿಂಗನ್ನು ನೋಡಿ. ಕಾಫಿ ತೋಟದ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟಿದ್ದರೂ ಹಿಂದೆ ಅರ್ಥ್ ತಂತಿಯೇ ಇಲ್ಲದಿರುವುದುಂಟು. ಸದ್ದಡಗಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದೂ ತೆಗೆಯಬೇಡಿ, ಅದು ಪ್ರಾಣಕ್ಕೆ ಎರವಾದೀತು.

ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರುಗಳಲ್ಲಿ 300ರಿಂದ 400 ವೋಲ್ಟ್ ಉಳಿದಿರಬಹುದಾದ್ದರಿಂದ, ಪೆಟ್ಟಿಗೆ ಬಿಚ್ಚುವ ಕೆಲಸವನ್ನು ವಾಲ್ವ್ ಉಪಕರಣ ಬಲ್ಲ ರಿಪೇರಿಯವರಿಗೇ ಬಿಡಿ.