ಭಾನುವಾರದ ಹೊಟ್ಟೆನೋವು

ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಸೈನ್ಸ್ ಓದುವ ಹುಡುಗಿ, ಜೊತೆಗೆ ನೀಟ್ ಕೋಚಿಂಗು. ಭಾನುವಾರ ಬಂತೆಂದರೆ ಹೊಟ್ಟೆನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗದೆ ಡಾಕ್ಟರೇ ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಕಳಿಸಿದ್ದರು. ಭಾನುವಾರವೇ ಯಾಕೆ? ಅವತ್ತು ಟೆಸ್ಟು, ರಾತ್ರಿಯೊಳಗೆ ರ‍್ಯಾಂಕ್ ಪಟ್ಟಿ ತಂದೆ-ತಾಯಿಯರ ವಾಟ್ಸಾಪ್ ಗುಂಪಿಗೆ.

ಮಾತಿಗಿಂತ ಮೊದಲು ನೋಟ್‌ಬುಕ್ ತೋರಿಸಿದಳು. ಹಿಂದಿನ ಪುಟದಲ್ಲಿ ರ‍್ಯಾಂಕುಗಳು: 14, 22, 31, 47. ಕೊನೆಯ ಅಂಕಿಯ ಮೇಲೆ ಪೆನ್ನು ಎಷ್ಟು ಸಲ ಓಡಾಡಿತ್ತೆಂದರೆ ಹಾಳೆ ತೂತಾಗಿತ್ತು. "ಅಪ್ಪ ಬೈಯಲ್ಲ ಮೇಡಂ, ಬೈದಿದ್ರೆ ಚಲೋ ಇತ್ತು. ಫೋನ್ ಮಾಡಿದಾಗೆಲ್ಲ, ಈ ಸಲದ ತೊಗರಿ ಪೂರಾ ನಿನ್ನ ಫೀಸಿಗೇ ಅದ ನೋಡವ್ವ ಅಂತಾನ."

ಸಾಯಬೇಕು ಅನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಬರುತ್ತದೆ ಅನ್ನೋದು ಸುಳ್ಳು. ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ, ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಎರಡರ ತನಕ ಓದಿ ಐದಕ್ಕೆ ಅಲಾರಂ ಇಡುತ್ತಿದ್ದಳು. ಮೊದಲು ಅದನ್ನು ನಿಲ್ಲಿಸಿದೆ, ಯಾಕಂದ್ರೆ ಓದಿದ್ದು ತಲೆಯಲ್ಲಿ ಕೂರುವುದೇ ನಿದ್ದೆಯಲ್ಲಿ. ಆಮೇಲೆ ರ‍್ಯಾಂಕ್ ಬದಲು ತಪ್ಪುಗಳನ್ನು ಬರೆಯಲು ಹೇಳಿದೆ: ಗೊತ್ತಿರಲಿಲ್ಲವೋ, ಗೊತ್ತಿದ್ದೂ ಗೊಂದಲವಾಯಿತೋ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೋ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಇವಳು ಹೆದರಿಕೆಗೆ ಖಾಲಿ ಬಿಡಲಾರದೆ ಸುಮ್ನೆ ಅಂದಾಜಿಗೆ ಗುರುತು ಹಾಕಿ ಅಂಕ ಕಳಕೊಳ್ಳುತ್ತಿದ್ದಳು ಅನ್ನೋದು ಎರಡೇ ವಾರದಲ್ಲಿ ಕಂಡಿತು.

ಇನ್ನೊಂದು ವಿಷಯ ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ರಾಜ್ಯದ ಕೋಟಾದಲ್ಲಿ ನಮ್ಮ ಭಾಗದ ಕಾಲೇಜುಗಳಲ್ಲಿ 70%, ಉಳಿದ ಕಡೆ 8% ಸೀಟು ಕಲ್ಯಾಣ ಕರ್ನಾಟಕದ ಮಕ್ಕಳಿಗಿವೆ. ಪಿಯು ಪರೀಕ್ಷೆಯೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಸೀಟು ಸುಲಭ ಅಂತಲ್ಲ. ಆದರೆ ಅವಳು ಲೋಕವೇ ಅಂದುಕೊಂಡಿದ್ದು ಒಂದು ಕೋಚಿಂಗ್ ಕ್ಲಾಸಿನ ಪಟ್ಟಿ ಅಷ್ಟೇ.

ಅಪ್ಪನಿಗೆ ನಾನೇ ಫೋನ್ ಮಾಡಿದೆ. "ಯಜಮಾನ್ರೇ, ಒಂದು ತಿಂಗಳು ಟೆಸ್ಟಿನ ಸುದ್ದಿ ಬ್ಯಾಡ, ಫೀಸಿನ ಸುದ್ದೀನೂ ಬ್ಯಾಡ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಏನ್ ಮಾತಾಡ್ಲಿ ಮೇಡಂ?" ಅಂದರು. ನಿಜವಾಗಿಯೂ ಗೊತ್ತಿರಲಿಲ್ಲ ಪಾಪ.

ಮುಂದಿನ ಸಲ ಬಂದವಳು, ಹೊಟ್ಟೆನೋವು ಇನ್ನೂ ಇದೆ, ಆದರೆ ಟೆಸ್ಟ್ ಬರೆದು ಬಂದೆ ಅಂದಳು. ಅಪ್ಪ ಫೋನ್ ಮಾಡಿ "ಉಂಡ್ಯಾ ಯವ್ವಾ?" ಅಂದನಂತೆ. ಆಮೇಲೆ ಇಬ್ಬರೂ ಸುಮ್ಮನೆ. ಕೊನೆಗೆ, ತೊಗರಿ ರಾಶಿ ಮುಗೀತು, ಹೊಲದ ನಾಯಿ ನಾಕು ಮರಿ ಹಾಕ್ಯಾದ ಅಂದನಂತೆ.