ಇಂಗ್ಲಿಷಿನ ಒಂದೇ ‘ಕೋಲ್ಡ್’ ಸ್ಲೊವಾಕ್‌ನಲ್ಲಿ ನಾಲ್ಕು ಯಾಕೆ?

ನಿಮ್ಮ ಪ್ರಶ್ನೆ: “ಓದಲು ಸ್ಲೊವಾಕಿಯದ ರಾಜಧಾನಿ ಬ್ರಾತಿಸ್ಲಾವಕ್ಕೆ ಹೊರಟಿದ್ದೇನೆ. ಇಂಗ್ಲಿಷ್–ಸ್ಲೊವಾಕ್ ನಿಘಂಟಿನಲ್ಲಿ ‘ಕೋಲ್ಡ್’ ಹುಡುಕಿದರೆ ಜ಼ಿಮ, ಸ್ತುದ್ಯೆನೀ, ಖ್ಲದ್ನೀ, ನಾತ್ಖ ಅಂತ ನಾಲ್ಕು ಪದ ಬರುತ್ತವೆ. ಯಾವುದು ಎಲ್ಲಿಗೆ?”

ಮೊದಲು ಇಂಗ್ಲಿಷನ್ನು ಪಕ್ಕಕ್ಕಿಡಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಇಂಗ್ಲಿಷಿನವರು ಹವೆಗೂ, ನೀರಿಗೂ, ಮನುಷ್ಯನಿಗೂ, ಮೂಗು ಸೋರುವುದಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ನಾವು ಚಳಿ, ತಣ್ಣಗೆ, ತಂಪು, ನೆಗಡಿ ಅಂತ ಬೇರೆ ಬೇರೆ ಹೇಳುತ್ತೇವೆ. ಸ್ಲೊವಾಕ್ ಕೂಡ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ ಒಡೆಯುತ್ತದೆ: ಜ಼ಿಮ ಅಂದರೆ ಚಳಿ, ಸ್ತುದ್ಯೆನೀ ಅಂದರೆ ಮುಟ್ಟಿದರೆ ತಣ್ಣಗಿರುವುದು, ಖ್ಲದ್ನೀ ಅಂದರೆ ತಂಪಾದದ್ದು, ನಾತ್ಖ ಅಂದರೆ ನೆಗಡಿ.

ವ್ಯಾಕರಣವೂ ನಮ್ಮ ಕಡೆಗೇ ಇದೆ. ‘ನನಗೆ ಚಳಿ ಆಗ್ತಿದೆ’ ಅನ್ನುವುದಕ್ಕೆ ಸ್ಲೊವಾಕ್‌ನಲ್ಲಿ ‘ಯೆ ಮಿ ಜ಼ಿಮ’. ಇಲ್ಲಿ ‘ಯೆ’ ಅಂದರೆ ‘ಇದೆ’, ‘ಮಿ’ ಅಂದರೆ ‘ನನಗೆ’. ಚತುರ್ಥಿ ವಿಭಕ್ತಿ, ನಮ್ಮ ‘-ಗೆ’ಯಂತೆಯೇ. ‘ಮಿ’ ಬದಲಿಗೆ ನಿನಗೆ ‘ತ್ಯಿ’, ಅವನಿಗೆ ‘ಮು’, ಅವಳಿಗೆ ‘ಯೆಯ್’, ನಮಗೆ ‘ನಾಮ್’, ನಿಮಗೆ ‘ವಾಮ್’, ಅವರಿಗೆ ‘ಇಮ್’ ಹಾಕಿದರೆ ಆಯಿತು. ಮನೆ ಮಾಲಕಿಯನ್ನೋ ಪ್ರೊಫೆಸರನ್ನೋ ಕೇಳುವಾಗ ‘ಯೆ ವಾಮ್ ಜ಼ಿಮ?’ ಅನ್ನಿ, ಗೆಳೆಯನಿಗಾದರೆ ‘ಯೆ ತ್ಯಿ ಜ಼ಿಮ?’ ಸಾಕು. ಚಳಿ ಆಗುತ್ತಿಲ್ಲ ಅನ್ನಲು ‘ನ್ಯಿಯೆ ಯೆ ಮಿ ಜ಼ಿಮ’. ಕಾಲಿಗೆ ಮಾತ್ರ ಚಳಿಯಾದರೆ ‘ಯೆ ಮಿ ಜ಼ಿಮ ನ ನೊಹಿ’.

ಇಲ್ಲೊಂದು ಸಣ್ಣ ಗುಂಡಿ ಇದೆ. ಜ಼ಿಮ ಸ್ತ್ರೀಲಿಂಗದ ಪದ, ಅದಕ್ಕೆ ಚಳಿಗಾಲ ಅಂತಲೂ ಅರ್ಥ. ‘ಕಡು ಚಳಿಗಾಲ ಇತ್ತು’ ಅನ್ನುವಾಗ ಕ್ರಿಯಾಪದ ‘ಬೊಲ’ ಆಗುತ್ತದೆ: ‘ಬೊಲ ಕ್ರುತಾ ಜ಼ಿಮ’. ಆದರೆ ‘ನನಗೆ ಚಳಿ ಆಯಿತು’ ಅನ್ನುವಾಗ ಅದು ನಪುಂಸಕ ರೂಪಕ್ಕೆ ತಿರುಗುತ್ತದೆ: ‘ಬೊಲೊ ಮಿ ಜ಼ಿಮ’. ಮುಂದೆ ಆಗುವುದಕ್ಕೆ ‘ಬುದ್ಯೆ ಮಿ ಜ಼ಿಮ’. ಈ ಮೂರನ್ನು ಹಾಗೇ ಬಾಯಿಪಾಠ ಮಾಡಿ.

ಇಂಗ್ಲಿಷಿನ ‘ಐ ಆಮ್ ಕೋಲ್ಡ್’ ಅನ್ನು ಪದಕ್ಕೆ ಪದ ಇಟ್ಟು ‘ಸೊಮ್ ಸ್ತುದ್ಯೆನೀ’ ಅಂದಿರೋ, ‘ನನ್ನ ಮೈ ಮುಟ್ಟಿದರೆ ತಣ್ಣಗಿದೆ’ ಅಂದಂತಾಗುತ್ತದೆ, ಹೆಣಕ್ಕೆ ಒಪ್ಪುವ ಮಾತು. ‘ಸೊಮ್ ಖ್ಲದ್ನೀ’ ಅಂದರೆ ‘ನಾನು ಭಾವನೆ ತೋರದ ಮನುಷ್ಯ’. ಇನ್ನು ‘ನನಗೆ ಬೆಚ್ಚಗಿದೆ’ ಅನ್ನಲು ಹೋಗಿ ‘ಸೊಮ್ ತ್ಯೆಪ್ಲೀ’ ಅಂದರೆ ಆಡುಮಾತಿನಲ್ಲಿ ‘ನಾನು ಸಲಿಂಗಿ’ ಅಂತ ಆಗುತ್ತದೆ. ಹೇಳಬೇಕಾದದ್ದು ‘ಯೆ ಮಿ ತ್ಯೆಪ್ಲೊ’. ಮೈಗೆ ಅನ್ನಿಸುವುದೆಲ್ಲ ‘ನನಗೆ’ ಜೊತೆಗೇ ಬರುತ್ತದೆ, ಕನ್ನಡದ ಹಾಗೇ.

ಉಚ್ಚಾರಕ್ಕೆ ನಾಲ್ಕು ಮಾತು. ಜ಼ ಅಂದರೆ ‘ಜ಼ೂ’ ಅನ್ನುವಾಗಿನ ಸದ್ದು, ನಮ್ಮ ಜ ಅಲ್ಲ. ನಾನು ಝ ಎಂದು ಬರೆದಿರುವಲ್ಲಿ ‘ಪ್ಲೆಷರ್’ ನಡುವಿನ ಸದ್ದು ಬರಬೇಕು. ಖ ಎಂದು ಬರೆದಿರುವುದು ಗಂಟಲಲ್ಲಿ ಉಜ್ಜಿ ಬರುವ ಸದ್ದು, ಉರ್ದುವಿನ ‘ಖ಼ಬರ್’ ಕೇಳಿದ್ದರೆ ಸಿಕ್ಕಿತು. ಅದು ಹ ಆದರೆ ಬೇರೆಯೇ ಅಕ್ಷರ. ಲ್ಯ ಎಂದಿರುವಲ್ಲಿ ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತಬೇಕು, ಳ ಮಾತ್ರ ಬೇಡ. ಮೃ ಎಂದಿರುವುದನ್ನು ‘ಮ್ರು’ ಅನ್ನಬೇಡಿ, ಜೊತೆಗೆ ಉ, ಇ ಯಾವುದೂ ಸೇರದ ಶುದ್ಧ ‘ರ್’ ಅದು. ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ಹ್ರಸ್ವ–ದೀರ್ಘದ ವ್ಯತ್ಯಾಸ ನಮ್ಮಲ್ಲಿದ್ದಂತೆ ಅಲ್ಲೂ ಲೆಕ್ಕಕ್ಕೆ ಬರುತ್ತದೆ.

ಸ್ತುದ್ಯೆನೀ ಮತ್ತು ಖ್ಲದ್ನೀ ನಡುವೆ ಎಲ್ಲರೂ ಎಡವುತ್ತಾರೆ. ಕೈಗೋ ಬಾಯಿಗೋ ಚರ್ಮಕ್ಕೋ ತಾಕಿ ತಣ್ಣಗೆನಿಸುವುದು ಸ್ತುದ್ಯೆನೀ: ಆರಿದ ಚಹಾ ‘ಸ್ತುದ್ಯೆನೀ ಚಯ್’, ತಣ್ಣೀರು ‘ಸ್ತುದ್ಯೆನಾ ವೊದ’, ಬಿಯರ್ ‘ಸ್ತುದ್ಯೆನೇ ಪಿವೊ’. ಕೊನೆಯ ಸ್ವರ ಲಿಂಗಕ್ಕೆ ತಕ್ಕಂತೆ ಬದಲಾಗುವುದನ್ನು ಗಮನಿಸಿ. ಮೈಗೆ ಹೊಡೆಯುವ ಗಾಳಿಯೂ ‘ಸ್ತುದ್ಯೆನೀ ವಿಯೆತೊರ್’. ಸಂಜೆ, ಹವಾಮಾನ, ನೋಟ, ಸ್ವಭಾವ, ಇಂಥವಕ್ಕೆ ಖ್ಲದ್ನೀ. ಇಂಗ್ಲಿಷಿನ ‘ಕೂಲ್’, ‘ಚಿಲ್ಲಿ’ ಎರಡಕ್ಕೂ ‘ಯೆ ಖ್ಲದ್ನೊ’ ನಡೆಯುತ್ತದೆ. ‘ಫ್ರೀಜಿಂಗ್’ಗೆ ಮಾತ್ರ ಎರಡು ದಾರಿ. ಥರ್ಮಾಮೀಟರ್ ನಿಜವಾಗಿಯೂ ಸೊನ್ನೆಗಿಂತ ಕೆಳಗಿದ್ದರೆ ‘ಮೃಜ಼್ನ್ಯೆ’. 8 ಡಿಗ್ರಿಯಲ್ಲಿ ಬಸ್ ಕಾಯುತ್ತಾ ಗೊಣಗುವುದಾದರೆ ‘ಯೆ ಕೊಸ’. ಕೊಸ ಅಂದರೆ ಹುಲ್ಲು ಕೊಯ್ಯುವ ಉದ್ದ ಕುಡುಗೋಲು, ಕುಯ್ಯುವಂಥ ಚಳಿ ಅಂತ ನೆನಪಿಟ್ಟುಕೊಳ್ಳಬಹುದು. ಅಂದಹಾಗೆ ‘ಮೃಜ಼ೀ ಮ ತೊ’ ಅಂದರೆ ‘ಕ್ಷಮಿಸಿ, ಬೇಜಾರಾಯಿತು’. ಅದನ್ನು ಕೇಳಿ ಕಂಬಳಿ ಹೊದಿಸಲು ಹೋಗಬೇಡಿ.

ತಾಪಮಾನ ಹೇಳುವಾಗ ಡಿಗ್ರಿಗೆ ಮೂರು ರೂಪ: 1ಕ್ಕೆ ‘ಸ್ತುಪೆನ್ಯ್’, 2ರಿಂದ 4ಕ್ಕೆ ‘ಸ್ತುಪ್ನ್ಯೆ’, 5 ಮತ್ತು ಮೇಲಕ್ಕೆ ‘ಸ್ತುಪ್ನ್ಯೊವ್’. ಮಾತಿನಲ್ಲಿ ಇದನ್ನು ಬಿಟ್ಟು ‘ದ್ಯೆಸತ್ಯ್ ಪೊದ್ ನುಲೊವ್’, ಅಂದರೆ ಸೊನ್ನೆಯ ಕೆಳಗೆ ಹತ್ತು, ಅಂದರೂ ಸಾಕು. ಸೊನ್ನೆಗಿಂತ ಕೆಳಗಿನ ಚಳಿಯ ಹೆಸರು ‘ಮ್ರಾಸ್’. ಬರೆಯುವಾಗ ಕೊನೆಯಲ್ಲಿ ಜ಼ ಇರುತ್ತದೆ, ಕಿವಿಗೆ ಸ ಕೇಳುತ್ತದೆ. ಮುಂದೆ ಸ್ವರ ಸೇರಿದರೆ ಜ಼ ಮರಳಿ ಬಂದು ದೀರ್ಘ ಹೋಗಿ ‘ಮ್ರಜ಼ು’ ಆಗುತ್ತದೆ. ದೇಶದ ದಾಖಲೆಯ ಮ್ರಾಸ್ −41 ಡಿಗ್ರಿ, 1929ರ ಫೆಬ್ರವರಿ 11ರಂದು ವೀಗ್ಲ್ಯಷ್-ಪ್ಸ್ತ್ರುಷದಲ್ಲಿ. ಹವಾ ವರದಿಯಲ್ಲಿ ಬರುವ ‘ಪೊತ್ಸಿತೊವಾ ತ್ಯೆಪ್ಲೊತ’ ಗಾಳಿಯನ್ನೂ ಲೆಕ್ಕ ಹಿಡಿದು ಮೈಗೆ ಅನ್ನಿಸುವ ತಾಪಮಾನ. ಇಂಗ್ಲಿಷಿನ ‘ವಿಂಡ್ ಚಿಲ್’ಗೆ ಹತ್ತಿರದ ಪದ ಇದೇ.

ಹಿಮ, ಮಂಜುಗಡ್ಡೆಯ ವಿಷಯಕ್ಕೆ ಬಂದರೆ ಕನ್ನಡ ಕೈಕೊಡುತ್ತದೆ. ನಮಗೆ ಮಂಜು ಅಂದರೆ ಕಾವಳವೂ ಹೌದು, ಹಿಮವೂ ಹೌದು. ಅಲ್ಲಿ ಕಾವಳ ‘ಹ್ಮ್ಲ’, ಬೀಳುವ ಹಿಮ ‘ಸ್ನ್ಯೆಖ್’, ಗಡ್ಡೆ ‘ಲ್ಯತ್’. ಇಂಗ್ಲಿಷಿನ ‘ಫ್ರಾಸ್ಟ್’ ಕೂಡ ಎರಡಾಗುತ್ತದೆ: ಚಳಿಗೆ ಮ್ರಾಸ್, ಹುಲ್ಲಿನ ಮೇಲೆ ಬೆಳ್ಳಗೆ ಕೂರುವ ಪುಡಿಗೆ ‘ಸ್ರಿಯೆನ್ಯ್’. ಮರದ ಕೊಂಬೆ, ತಂತಿಗಳ ಮೇಲೆ ಗರಿಗರಿಯಾಗಿ ಬೆಳೆಯುವುದು ‘ಇನೊವತ್ಯ್’. ಕಾರಿನ ಗಾಜಿಗೆ ಅಂಟಿ ಕೆರೆದು ತೆಗೆಯಬೇಕಾದದ್ದು ‘ನಾಮ್ರಜ಼’. ನೀವು ನಿಜಕ್ಕೂ ಕಲಿಯಲೇಬೇಕಾದ ಪದ ‘ಪೊಲ್ಯದೊವಿತ್ಸ’: ನೆಲಕ್ಕೆ ಅಂಟಿಕೊಂಡ, ಕಣ್ಣಿಗೆ ಬರೀ ಒದ್ದೆಯಂತೆ ಕಾಣುವ ಗಡ್ಡೆ, ಇಂಗ್ಲಿಷಿನವರ ‘ಬ್ಲ್ಯಾಕ್ ಐಸ್’. ಹವಾ ಎಚ್ಚರಿಕೆಯಲ್ಲಿ ಈ ಪದ ಕಂಡ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೊರಡಿ, ಇಳಿಜಾರಿನಲ್ಲಿ ಸಣ್ಣ ಹೆಜ್ಜೆ ಇಡಿ. ಗಾಡಿ ಓಡಿಸುವವರಿಗೆ, ರಸ್ತೆಯ ಮೇಲೆ ಎಡೆಬಿಡದ ಹಿಮದ ಪದರವೋ ಗಡ್ಡೆಯೋ ನಾಮ್ರಜ಼ವೋ ಇದ್ದರೆ ‘ಜ಼ಿಮ್ನೇ ಪ್ನೆವ್ಮತಿಕಿ’, ಅಂದರೆ ಚಳಿಗಾಲದ ಟೈರು, ಕಡ್ಡಾಯ. ಹಿಮ ಕರಗಿ ರಾಡಿಯಾದರೆ ‘ಚ್ಲ್ಯಪ್ಕನಿತ್ಸ’. ಕಾಲಿಟ್ಟಾಗಿನ ಸದ್ದೇ ಪದದೊಳಗಿದೆ. ಸೂರಿನಿಂದ ಇಳಿಬಿದ್ದ ಗಡ್ಡೆಯ ಕೋಲು ‘ತ್ಸೆನ್‌ತ್ಸೂಲ್ಯ್’, ಅದರ ಕೆಳಗೆ ನಿಲ್ಲಬೇಡಿ.

ಆಲಿಕಲ್ಲಿಗೆ ‘ಲ್ಯದೊವೆತ್ಸ್’ ಅನ್ನುತ್ತಾರೆ. ನಿಘಂಟು ಅದಕ್ಕೆ ಹಿಮನದಿ ಅಂತಲೂ ಅರ್ಥ ಕೊಡುತ್ತದೆ, ಹಾಗಾಗಿ ‘ನಿನ್ನೆ ಹಿಮನದಿ ಬಿತ್ತು’ ಅಂತ ಓದಿ ಗಾಬರಿಯಾಗಬೇಡಿ. ಆಲಿಕಲ್ಲಿನ ಇನ್ನೊಂದು ಹೆಸರು ‘ಕ್ರೂಪಿ’, ಅದು ಅಂಗಡಿಯಲ್ಲಿ ಸಿಗುವ ಬಾರ್ಲಿ ಕಾಳಿನ ಹೆಸರೂ ಹೌದು. ಮೇ 12, 13, 14 ಪಂಕ್ರಾತ್ಸ್, ಸೆರ್ವಾತ್ಸ್, ಬೊನಿಫಾತ್ಸ್ ಎಂಬ ಮೂವರ ಹೆಸರಿನ ದಿನಗಳು. ಇವರಿಗೆ ‘ಲ್ಯದೊವೀ ಮುಝಿ’, ಗಡ್ಡೆಯ ಗಂಡಸರು, ಅಂತ ಅಡ್ಡಹೆಸರು. ಆ ದಿನಗಳಲ್ಲಿ ಕೊನೆಯ ಮ್ರಾಸ್ ಬರಬಹುದೆಂದು ಟೊಮೇಟೊ ಸಸಿಯನ್ನು ಅಲ್ಲಿಯತನಕ ಹೊರಗೆ ನೆಡುವುದಿಲ್ಲ.

ಕಾಯಿಲೆಯ ಪದಗಳು. ಮೂಗು ಸೋರುತ್ತಿದ್ದರೆ ‘ಮಾಮ್ ನಾತ್ಖು’. ಗಂಟಲು, ಮೈಕೈ ಎಲ್ಲ ಸೇರಿದ ಶೀತಕ್ಕೆ ‘ಪ್ರೆಖ್ಲದ್ನುತ್ಯಿಯೆ’. ‘ಶೀತ ಹಿಡಿದಿದೆ’ ಅನ್ನಲು ಗಂಡಸರು ‘ಪ್ರೆಖ್ಲದೊಲ್ ಸೊಮ್’, ಹೆಂಗಸರು ‘ಪ್ರೆಖ್ಲದ್ಲ ಸೊಮ್’. ಔಷಧಿ ಅಂಗಡಿ ‘ಲೆಕಾರೆನ್ಯ್’. ಅಲ್ಲಿ ‘ನ್ಯಿಯೆಚೊ ನ ಪ್ರೆಖ್ಲದ್ನುತ್ಯಿಯೆ, ಪ್ರೊಸೀಮ್’ ಅಂದರೆ ‘ಶೀತಕ್ಕೆ ಏನಾದರೂ ಕೊಡಿ’. ಕೆಮ್ಮು ‘ಕಷೆಲ್ಯ್’, ಫ್ಲೂ ‘ಖ್ರೀಪ್ಕ’. ಜ್ವರದ ನಡುಕ ‘ಜ಼ಿಮ್ನಿತ್ಸ’, ಜ಼ಿಮದಿಂದಲೇ ಹುಟ್ಟಿದ್ದು, ನಮ್ಮ ಚಳಿಜ್ವರದ ಜೋಡಿ. ವೈದ್ಯರು ‘ಅಂಗೀನ’ ಅಂದರೆ ಇಂಗ್ಲಿಷಿನ ‘ಅಂಜೈನ’ (ಹೃದಯದ ತೊಂದರೆಯ ಎದೆನೋವು) ಅಂದುಕೊಂಡು ಎದೆ ಹಿಡಿದುಕೊಳ್ಳಬೇಡಿ, ಅದು ಟಾನ್ಸಿಲ್ ಊತ, ಹೃದಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸೀನಿದವರಿಗೆ ‘ನ ಜ಼್ದ್ರವಿಯೆ’ ಅನ್ನುತ್ತಾರೆ, ಲೋಟ ತಾಗಿಸುವಾಗಲೂ ಅದೇ. ಇನ್ನು ‘ಜ಼ಿಮೊಮ್ರಿಯವ್ಕಿ’, ಮೈಮೇಲೆ ಮುಳ್ಳೇಳುವುದು. ಒಳಗೆ ಜ಼ಿಮ ಅಡಗಿದ್ದರೂ ಒಳ್ಳೆಯ ಹಾಡು ಕೇಳಿದಾಗಲೂ ಅದು ಏಳುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಯ ಅತಿ ಚಂದದ ಪದ.

ಅಡುಗೆಮನೆಯಲ್ಲಿ ತಂಪು ಮಾಡುವ ಫ್ರಿಜ್ ‘ಖ್ಲದ್ನಿಚ್ಕ’, ಗಟ್ಟಿ ಮಾಡುವ ಫ್ರೀಜರ್ ‘ಮ್ರಜ಼್ನಿಚ್ಕ’. ಖ್ಲತ್ (ತಂಪು) ಮತ್ತು ಮ್ರಾಸ್ ನಡುವಿನ ಅಂತರ ಇಲ್ಲಿ ಕಣ್ಣಿಗೇ ಕಾಣುತ್ತದೆ. ಐಸ್‌ಕ್ರೀಮ್ ‘ಜ಼್ಮೃಜ಼್ಲಿನ’. ಪೊಟ್ಟಣದ ಮೇಲೆ ‘ನ್ಯೆಜ಼್ಮ್ರಜ಼ುಯ್ತ್ಯೆ’ ಅಂತ ಇದ್ದರೆ ಫ್ರೀಜರಿಗೆ ಹಾಕಿ ಗಟ್ಟಿ ಮಾಡಬೇಡಿ ಎಂದು. ಹೋಟೆಲಲ್ಲಿ ಐಸ್ ಬೇಡವಾದರೆ ‘ಪ್ರೊಸೀಮ್ ಸಿ ವೊದು ಬೆಜ಼್ ಲ್ಯದು’. ‘ಜ಼ಿಮ್ನೀ ಷ್ತದಿಯೋನ್’ ಅಂತ ಬೋರ್ಡು ಕಂಡರೆ ಅದು ಚಳಿಗಾಲದಲ್ಲಿ ಮಾತ್ರ ತೆರೆಯುವ ಜಾಗವಲ್ಲ, ಐಸ್ ಹಾಕಿಯ ಅಂಗಣ.

ನುಡಿಗಟ್ಟುಗಳಲ್ಲಿ ಶೀತಲ ಸಮರ ‘ಸ್ತುದ್ಯೆನಾ ವೊಯ್ನ’, ಆದರೆ ತಲೆ ತಣ್ಣಗಿಟ್ಟುಕೊಳ್ಳುವುದಕ್ಕೆ ‘ಖ್ಲದ್ನಾ ಹ್ಲವ’. ಇಂಗ್ಲಿಷಿನವರ ‘ಕೋಲ್ಡ್ ಫೀಟ್’ ಅನ್ನು ತಣ್ಣನೆ ಕಾಲು ಅಂತ ಹೇಳಿದರೆ ಸ್ಲೊವಾಕರು ದಪ್ಪ ಕಾಲುಚೀಲ ತಂದುಕೊಡುತ್ತಾರೆ. ಹೆದರಿಕೆಯಾಯಿತು ಅಂತ ನೇರವಾಗಿ ಹೇಳಿಬಿಡಿ.

ಮೊಬೈಲ್ ಆ್ಯಪ್‌ನಲ್ಲಿ ಕಲಿಯುತ್ತಿದ್ದರೆ ಅದು ಚೆಕ್ ಪದ ತೂರಿಸುತ್ತಿಲ್ಲವೇ ನೋಡಿ. ನೆಗಡಿಗೆ ‘ರೀಮ’, ಫ್ರಿಜ್‌ಗೆ ‘ಲೆದ್ನಿಚ್ಕ’, ನೆಲದ ಗಡ್ಡೆಗೆ ‘ನಾಲೆದೀ’, ಜನವರಿಗೆ ‘ಲೆದೆನ್’ ಬಂದರೆ ಅದು ಚೆಕ್. ಬ್ರಾತಿಸ್ಲಾವದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ. ಸ್ಲೊವಾಕ್‌ನಲ್ಲಿ ಜನವರಿ ‘ಯನುವಾರ್’.